ನೀರಿನ ಸಂಪಿನ ಗುಂಡಿಗೆ ಬಂಡೆ ಅಡ್ಡ ಬಂತು: ಆಳ ಎರಡಡಿ ಕಳೆದು ಉದ್ದ ಎರಡಡಿ ಸೇರಿಸಿದರೆ ನೀರು ಅಷ್ಟೇ ಹಿಡಿಯುತ್ತದೆಯೇ?

ಪ್ರಶ್ನೆ: ಚಿತ್ರದುರ್ಗದಲ್ಲಿ ಮನೆ ಕಟ್ಟಿಸ್ತಾ ಇದ್ದೀವಿ. ಸಂಪಿನ ಒಳ ಅಳತೆ 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳ ಅಂತ ಪ್ಲಾನಿನಲ್ಲಿತ್ತು. ಗುಂಡಿ ತೆಗೆಸುವಾಗ ಬಂಡೆ ಸಿಕ್ಕಿತು. ಆಳ ನಾಲ್ಕೇ ಅಡಿ ಸಿಗುತ್ತದೆ. "ಎರಡಡಿ ಆಳ ಹೋದ್ರೆ ಹೋಯ್ತು ಬಿಡ್ರಿ, ಉದ್ದಕ್ಕೆ ಎರಡಡಿ ಹಾಕ್ತೀನಿ, ಲೆಕ್ಕ ಸಮ ಆಗ್ತದೆ" ಅಂತಾರೆ ಮೇಸ್ತ್ರಿ. ಸಮ ಆಗುತ್ತಾ?

ಉತ್ತರ: ಆಗುವುದಿಲ್ಲ. ಪ್ಲಾನಿನ ಸಂಪು 8 × 6 × 6 = 288 ಘನ ಅಡಿ. ಮೇಸ್ತ್ರಿ ಹೇಳುವ ಸಂಪು 10 × 6 × 4 = 240 ಘನ ಅಡಿ. ಒಂದು ಘನ ಅಡಿಗೆ 28.317 ಲೀಟರ್. ಅಂದರೆ 8,155 ಲೀಟರ್ ಹಿಡಿಯಬೇಕಾದದ್ದು 6,796 ಲೀಟರ್ ಹಿಡಿಯುತ್ತದೆ. 1,359 ಲೀಟರ್ ಕೈಬಿಟ್ಟಿತು. ಅಷ್ಟೇ ನೀರು ಬೇಕೆಂದರೆ 4 ಅಡಿ ಆಳದಲ್ಲಿ ಉದ್ದ 10 ಅಡಿ ಸಾಲದು, 12 ಅಡಿ ಬೇಕು.

ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿ ಬಿಟ್ಟರೆ ಮುಂದಿನ ತಿಂಗಳು ಇದೇ ಪ್ರಶ್ನೆ ಬೇರೆ ಅಳತೆ ಹಾಕಿಕೊಂಡು ಮತ್ತೆ ಬರುತ್ತದೆ. ಒಮ್ಮೆ ನೀರಿನ ತೊಟ್ಟಿ, ಒಮ್ಮೆ ಕಾಳಿನ ಪೆಟ್ಟಿಗೆ, ಒಮ್ಮೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಬಂದ ಮರಳು. ಪ್ರತಿ ಸಲವೂ ಬುಡದಲ್ಲಿರುವ ತಪ್ಪು ಒಂದೇ: "ಇಲ್ಲಿ ಒಂದಡಿ ತೆಗೆದು ಅಲ್ಲಿ ಒಂದಡಿ ಕೊಟ್ಟರೆ ಸಮ." ಇದನ್ನು ಈ ಸಲ ಬೇರುಸಹಿತ ಕಿತ್ತುಹಾಕೋಣ.

ಮೊದಲು ಸೈಟಿನ ಲೆಕ್ಕ ನೋಡಿ. 30 × 40 ಸೈಟು 1,200 ಚದರ ಅಡಿ. ಅಗಲದಲ್ಲಿ ಹತ್ತಡಿ ತೆಗೆದು ಉದ್ದಕ್ಕೆ ಕೊಡಿ: 20 × 50, ಅಂದರೆ 1,000 ಚದರ ಅಡಿ. ಸುತ್ತಲೂ ಬೇಲಿ ಹಾಕಿದರೆ ಎರಡಕ್ಕೂ 140 ಅಡಿಯೇ ಬೇಕು. ಆದರೂ ದಾವಣಗೆರೆಯಲ್ಲಾಗಲಿ ದುರ್ಗದಲ್ಲಾಗಲಿ, 30 × 40ರ ದುಡ್ಡು ಕೊಟ್ಟು 20 × 50 ಬರೆಸಿಕೊಳ್ಳುವವರು ಯಾರೂ ಇಲ್ಲ. ಸೈಟಿನ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವವರು ಅದೇ ಸೈಟಿನೊಳಗಿನ ಗುಂಡಿಯ ವಿಷಯಕ್ಕೆ ಬಂದಾಗ ಮಾತ್ರ ತಲೆಯಾಡಿಸಿಬಿಡುತ್ತೀರಿ.

ಈಗ ಗುಂಡಿಗೆ ಇಳಿಯೋಣ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಡಬ್ಬಗಳನ್ನು ಸಂಪಿನೊಳಗೆ ಜೋಡಿಸುತ್ತಿದ್ದೇವೆ ಎಂದುಕೊಳ್ಳಿ. ಒಂದು ಡಬ್ಬದಲ್ಲಿ ಹಿಡಿಯುವ ನೀರು ಹದಿನೈದು ಲೀಟರಿನ ಕೊಡದಲ್ಲಿ ಎರಡು ಕೊಡಕ್ಕೆ ತುಸು ಕಮ್ಮಿ. ನೆಲದ ಮೇಲೆ ಒಂದು ವರಸೆಗೆ 8 × 6, ಅಂದರೆ 48 ಡಬ್ಬ. ಹೀಗೆ ಆರು ವರಸೆ. ಆಳದಲ್ಲಿ ಒಂದಡಿ ಹೋಯಿತು ಎಂದರೆ ಒಂದಿಡೀ ವರಸೆ, 48 ಡಬ್ಬ, ಹೋಯಿತು. ಅದಕ್ಕೆ ಬದಲಾಗಿ ಉದ್ದಕ್ಕೆ ಒಂದಡಿ ಕೊಟ್ಟಾಗ ಬರುವುದೇನು? ಕೊನೆಯ ಗೋಡೆಗೆ ಒರಗಿಸಿ ನಿಲ್ಲಿಸಿದ ಒಂದು ಸಾಲು: ಅಗಲ 6, ಎತ್ತರ ಈಗ 5, ಒಟ್ಟು 30 ಡಬ್ಬ. ಕೊಟ್ಟದ್ದು 48, ಬಂದದ್ದು 30. ಅಡಿ ಎಂಬ ಹೆಸರು ಒಂದೇ, ಅದರ ಬೆಲೆ ಒಂದೇ ಅಲ್ಲ.

ಎರಡನೇ ಅಡಿ ಇನ್ನೂ ದುಬಾರಿ. ಈಗ ಸಂಪು 9 × 6 × 5. ಇನ್ನೊಂದಡಿ ಆಳ ಕಳೆದರೆ ಹೋಗುವ ವರಸೆ 9 × 6 = 54. ಉದ್ದಕ್ಕೆ ಸೇರುವ ಸಾಲು 6 × 4 = 24. ಮೊದಲ ಅಡಿಯಲ್ಲಿ 18 ನಷ್ಟ, ಎರಡನೆಯದರಲ್ಲಿ 30. ಕೂಡಿದರೆ 48, ಮೇಲೆ ಹೇಳಿದ 1,359 ಲೀಟರ್ ಇದೇ. ಇದೇ ದಾರಿಯಲ್ಲಿ ಮುಂದೆ ಹೋದರೆ 11 × 6 × 3 ಆದಾಗ 198, 12 × 6 × 2 ಆದಾಗ 144 ಘನ ಅಡಿ. ಪ್ರತಿಯೊಂದರಲ್ಲೂ ಮೂರು ಅಳತೆ ಕೂಡಿದರೆ 20 ಅಡಿಯೇ. ಕೊನೆಯದರಲ್ಲಿ ಹಿಡಿಯುವ ನೀರು ಮಾತ್ರ ಮೊದಲಿನದರ ಸರಿಯಾಗಿ ಅರ್ಧ.

ಯಾವ ದಿಕ್ಕಿನ ಅಡಿಗೆ ಎಷ್ಟು ಬೆಲೆ ಎಂದು ತಿಳಿಯುವುದು ಸುಲಭ: ಉಳಿದ ಎರಡು ಅಳತೆಗಳನ್ನು ಗುಣಿಸಿ. ಆಳದ ಒಂದಡಿಗೆ ಉದ್ದ × ಅಗಲ. ಉದ್ದದ ಒಂದಡಿಗೆ ಅಗಲ × ಆಳ. ಅಗಲದ ಒಂದಡಿಗೆ ಉದ್ದ × ಆಳ. ಹಾಗಾಗಿ ಪೆಟ್ಟಿಗೆಯ ಅತಿ ಚಿಕ್ಕ ಅಳತೆಯ ಅಡಿಗೇ ಬೆಲೆ ಹೆಚ್ಚು. ಚಿಕ್ಕದರಿಂದ ಕಿತ್ತು ದೊಡ್ಡದಕ್ಕೆ ಕೊಟ್ಟರೆ ಯಾವಾಗಲೂ ನಷ್ಟವೇ.

"ಸಿಮೆಂಟು, ಇಟ್ಟಿಗೆ ಅಷ್ಟೇ ಹೋಗಿದೆ, ನೀರು ಮಾತ್ರ ಹೇಗೆ ಕಮ್ಮಿ ಹಿಡಿಯುತ್ತೆ?" ಎಂದು ವಾದಿಸುವವರಿದ್ದಾರೆ. ಅದನ್ನೂ ಅಳೆಯೋಣ. 8 × 6 × 6 ಸಂಪಿನ ನಾಲ್ಕು ಗೋಡೆ, ನೆಲ, ಮೇಲಿನ ಸ್ಲ್ಯಾಬು ಸೇರಿ ಒಳಮೈ 264 ಚದರ ಅಡಿ. 10 × 6 × 4ಕ್ಕೆ 248. ಸಾಮಾನಿನಲ್ಲಿ ಉಳಿದದ್ದು ನೂರಕ್ಕೆ ಆರು, ನೀರಿನಲ್ಲಿ ಹೋದದ್ದು ನೂರಕ್ಕೆ ಹದಿನೇಳು. ಗೋಡೆಯ ಮೈ ಎಷ್ಟಿದೆ ಎಂಬುದು ಒಳಗೆ ಎಷ್ಟು ಹಿಡಿಯುತ್ತದೆ ಎಂದು ಹೇಳುವುದಿಲ್ಲ. ಇಟ್ಟಿಗೆ ಎಷ್ಟು ಬೇಕು, ಪ್ಲಾಸ್ಟರಿಂಗ್‌ಗೆ ಎಷ್ಟಾಗುತ್ತದೆ ಎಂದು ಮಾತ್ರ ಹೇಳುತ್ತದೆ.

ಇಷ್ಟಾದರೂ ಈ ನಂಬಿಕೆ ಸಾಯದೇ ಇರುವುದಕ್ಕೆ ಒಂದು ಕಾರಣವಿದೆ, ಅದನ್ನು ಹೇಳದಿದ್ದರೆ ಮೇಸ್ತ್ರಿಗಳಿಗೆ ಅನ್ಯಾಯವಾಗುತ್ತದೆ. ಮೂರು ಅಳತೆಗಳೂ ಒಂದಕ್ಕೊಂದು ಹತ್ತಿರವಿದ್ದಾಗ ಈ ಅದಲುಬದಲು ನಿಜವಾಗಿಯೂ ನಡೆಯುತ್ತದೆ. 8 × 6 × 6ರಲ್ಲಿ ಉದ್ದದ ಒಂದಡಿ ತೆಗೆದು ಅಗಲಕ್ಕೆ ಕೊಡಿ: 7 × 7 × 6 = 294. ನಷ್ಟವಿರಲಿ, ಆರು ಘನ ಅಡಿ ಲಾಭವೇ ಬಂತು. ನಾಲ್ಕಾರು ಕಡೆ ಹೀಗೆ ಮಾಡಿ, ಯಾರೂ ದೂರು ಹೇಳದೇ ಹೋದ ಮೇಲೆ ಅದೇ ನಿಯಮವಾಗಿ ಕೂತಿತು. ಸಮಘನದ ಹತ್ತಿರ ಇರುವಾಗ ಎಡವಟ್ಟು ಕಾಣುವುದಿಲ್ಲ, ಪೆಟ್ಟಿಗೆ ಚಪ್ಪಟೆಯಾದಷ್ಟೂ ಕಾಣಿಸುತ್ತದೆ. ಬಂಡೆ ಸಿಕ್ಕಾಗ ಆಗುವುದು ಚಪ್ಪಟೆಯೇ.

ಹಾಗಾದರೆ ನೀವು ಏನು ಮಾಡಬೇಕು? ಬೇಕಾದ ಘನ ಅಡಿಯನ್ನು ಸಿಕ್ಕಿರುವ ಆಳದಿಂದ ಭಾಗಿಸಿ. 288 ÷ 4 = 72. ನೆಲ 72 ಚದರ ಅಡಿ ಬೇಕು. ಅದನ್ನು 12 × 6 ಮಾಡಬಹುದು, ಜಾಗವಿದ್ದರೆ 9 × 8 ಮಾಡಬಹುದು. 9 × 8 ಆದರೆ ಗೋಡೆ 136 ಚದರ ಅಡಿಯಲ್ಲಿ ಮುಗಿಯುತ್ತದೆ, 12 × 6ಕ್ಕೆ 144 ಬೇಕು. ಆದರೆ 9 × 8ರಲ್ಲಿ ಸ್ಲ್ಯಾಬು ದಾಟಬೇಕಾದ ಅಗಲ 6 ಅಡಿಯಿಂದ 8 ಅಡಿಗೆ ಏರುತ್ತದೆ. ಮೇಲೆ ಕಾರು ನಿಲ್ಲಿಸುವ ಯೋಚನೆ ಇದ್ದರೆ ಸ್ಲ್ಯಾಬಿನ ದಪ್ಪ, ಕಬ್ಬಿಣ ಎರಡನ್ನೂ ಇಂಜಿನಿಯರ್ ಹತ್ತಿರ ಬರೆಸಿಕೊಂಡೇ ಮುಂದುವರಿಯಿರಿ.

ಅದಕ್ಕೂ ಮೊದಲು ಬಂಡೆ ಎಲ್ಲಿದೆ ಎಂದು ಅಳೆದು ನೋಡಿ. ಬಂಡೆ ಸಿಕ್ಕಿತು ಎಂದ ಕೂಡಲೇ ಇಡೀ ಗುಂಡಿಯನ್ನು ನಾಲ್ಕಡಿಗೆ ನಿಲ್ಲಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. ಬಂಡೆ ಒಂದು ಬದಿಯ 3 ಅಡಿ ಉದ್ದದಲ್ಲಿ ಮಾತ್ರ ತಲೆ ಎತ್ತಿದೆ ಎಂದಿಟ್ಟುಕೊಳ್ಳಿ. ಅದು ನುಂಗುವುದು 3 × 6 × 2 = 36 ಘನ ಅಡಿ ಮಾತ್ರ. ಆ ಬದಿಯನ್ನು ಮೆಟ್ಟಿಲಿನಂತೆ ಬಿಟ್ಟು ಉಳಿದ 5 ಅಡಿಯನ್ನು ಪೂರ್ತಿ 6 ಅಡಿ ಆಳಕ್ಕೇ ಇಳಿಸಿ. ಹೋದ 36ನ್ನು ಮೆಟ್ಟಿಲಿನ ಬದಿಗೆ ಸೇರಿಸಿದರೆ, ಅಲ್ಲಿ ಒಂದಡಿಯ ಬೆಲೆ 6 × 4 = 24, ಅಂದರೆ ಒಂದೂವರೆ ಅಡಿ ಉದ್ದ ಸಾಕು. ತಾಳೆ ನೋಡಿ: ಆಳದ ಭಾಗ 5 × 6 × 6 = 180, ಮೆಟ್ಟಿಲಿನ ಭಾಗ 4.5 × 6 × 4 = 108, ಒಟ್ಟು 288. ಆಕಾರ ಎಷ್ಟೇ ಸೊಟ್ಟಗಿರಲಿ, ಅದನ್ನು ಪೆಟ್ಟಿಗೆಗಳಾಗಿ ಕತ್ತರಿಸಿ ಒಂದೊಂದನ್ನೇ ಗುಣಿಸಿ ಕೂಡಿ.

ಮೆಟ್ಟಿಲಿಗೆ ಇನ್ನೊಂದು ಲಾಭವಿದೆ. ಸಂಪಿನ ಪೂರ್ತಿ ನೀರು ಎಂದೂ ನಿಮ್ಮ ಕೈಗೆ ಸಿಗುವುದಿಲ್ಲ. ಬಾಲ್ ವಾಲ್ವು ಮುಚ್ಚಿಕೊಳ್ಳುವಷ್ಟರಲ್ಲಿ ಮೇಲೆ ಸುಮಾರು ಆರಿಂಚು ಖಾಲಿ ಇರುತ್ತದೆ, ಕೆಳಗೆ ಪಂಪಿನ ಪೈಪಿನ ತುದಿಯ ಫುಟ್ ವಾಲ್ವಿಗೆ ಎಟುಕದ ಆರಿಂಚು ನೀರು ನಿಂತೇ ಇರುತ್ತದೆ. ಈ ಆರಿಂಚಿನ ಬೆಲೆಯನ್ನೂ ನೆಲದ ವಿಸ್ತೀರ್ಣವೇ ತೀರ್ಮಾನಿಸುತ್ತದೆ. ಪ್ಲಾನಿನ ಸಂಪಿನಲ್ಲಿ ಮೇಲೆ 24, ಕೆಳಗೆ 24 ಹೋಗಿ 240 ಘನ ಅಡಿ ಬಳಕೆಗೆ. 12 × 6 × 4ರಲ್ಲಿ ಮೇಲೆ 36, ಕೆಳಗೆ 36 ಹೋಗಿ 216. ಮೇಸ್ತ್ರಿಯವರ 10 × 6 × 4ರಲ್ಲಿ ಉಳಿಯುವುದು 180, ಅಂದರೆ ಪ್ಲಾನಿಗಿಂತ ಕಾಲು ಭಾಗ ಕಮ್ಮಿ. ಮೆಟ್ಟಿಲ ಸಂಪಿನಲ್ಲಿ ಮೇಲೆ 28.5, ಕೆಳಗೆ ಆಳದ ಭಾಗದ 15 ಮಾತ್ರ ಹೋಗಿ 244.5. ಪ್ಲಾನಿಗಿಂತಲೂ ಚೂರು ಹೆಚ್ಚು. ಫುಟ್ ವಾಲ್ವು ಆಳದ ಭಾಗದಲ್ಲಿರಬೇಕು, ಮೆಟ್ಟಿಲಿನ ನೆಲ ಅದರ ಕಡೆಗೆ ಇಳಿಜಾರಾಗಿರಬೇಕು, ಅಷ್ಟೇ.

ಗುಂಡಿ ತೆಗೆಸುವಾಗ ಜೆಸಿಬಿಯವರಿಗೆ ಹೊರ ಅಳತೆ ಹೇಳಿ. ಗುಂಡಿಯನ್ನೇ 8 × 6 ತೆಗೆಸಿ ಅದರೊಳಗೆ 9 ಇಂಚಿನ ಗೋಡೆ ಎಬ್ಬಿಸಿದರೆ ಉಳಿಯುವುದು 6.5 × 4.5. ಆರಡಿ ಆಳ ಪೂರ್ತಿ ಸಿಕ್ಕರೂ ಅದು 175.5 ಘನ ಅಡಿ, 5,000 ಲೀಟರಿಗೂ ಕಮ್ಮಿ. ಒಂದು 5,000 ಲೀಟರಿನ ಟ್ಯಾಂಕರ್ ಬಂದರೆ ತುಂಬಿ ಹೊರಗೆ ಹರಿಯುತ್ತದೆ. ಕ್ಯಾಲ್ಕುಲೇಟರಿನಲ್ಲಿ ಐದಡಿ ಆರಿಂಚನ್ನು 5.6 ಎಂದು ಒತ್ತಬೇಡಿ, ಅದು 5.5. ಏಳಡಿ ಒಂಬತ್ತಿಂಚು 7.75. ಇಂಚನ್ನು ಹನ್ನೆರಡರಿಂದ ಭಾಗಿಸಿ ಆಮೇಲೆ ಸೇರಿಸಿ. ಮೂಲೆ ಮಟ್ಟ ನೋಡಲು ಟೇಪಿನಲ್ಲಿ ಎರಡೂ ಕರ್ಣ ಹಿಡಿಯಿರಿ. 8 × 6ಕ್ಕೆ ಕರ್ಣ ಸರಿಯಾಗಿ 10 ಅಡಿ, 9 × 8ಕ್ಕೆ 12 ಅಡಿ ಅರ್ಧ ಇಂಚು. ಎದುರು ಬದಿಗಳು ಸಮವಿದ್ದೂ ಕರ್ಣಗಳು ಬೇರೆ ಬೇರೆ ಬಂದರೆ ಮೂಲೆ ವಾಲಿದೆ, ಗುಣಾಕಾರ ಹೇಳಿದಷ್ಟು ನೀರು ಅದರಲ್ಲಿ ಹಿಡಿಯುವುದಿಲ್ಲ.

ಈಗ ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ಪ್ರಶ್ನೆ. ಸಂಪಿನಲ್ಲಿ ಕೋಲು ಇಳಿಸಿದಾಗ ಅರ್ಧ ಎತ್ತರಕ್ಕೆ ನೀರಿದ್ದರೆ ಅರ್ಧ ನೀರಿದೆ ಎಂದರ್ಥವೇ? ನೇರ ಗೋಡೆಯ ಪೆಟ್ಟಿಗೆಯಲ್ಲಿ ಹೌದು. ಮೆಟ್ಟಿಲ ಸಂಪಿನಲ್ಲಿ ಅಲ್ಲ. ಅಲ್ಲಿ ಕೆಳಗಿನ ಎರಡಡಿಗೆ ತಲಾ 30 ಘನ ಅಡಿ, ಅದರ ಮೇಲಿನ ಒಂದೊಂದು ಅಡಿಗೂ 57. ಮೂರಡಿ ನೀರು ನಿಂತಾಗ ಒಳಗಿರುವುದು 117, ಅರ್ಧವಾದ 144 ಅಲ್ಲ.

ಮಾರಿಕಣಿವೆ ಜಲಾಶಯದ್ದೂ, ಅಂದರೆ ವಾಣಿ ವಿಲಾಸ ಸಾಗರದ್ದೂ, ಇದೇ ಲೆಕ್ಕ. ಅದರ ಪೂರ್ಣ ಮಟ್ಟ 130 ಅಡಿ. ನೀರು 65 ಅಡಿ ಬಂದಾಗ "ಅರ್ಧ ತುಂಬಿತು" ಎಂದು ಹೇಳಿಬಿಡುತ್ತಾರೆ. ಕಣಿವೆ ಪೆಟ್ಟಿಗೆಯಲ್ಲ, ಮೇಲೆ ಹೋದಷ್ಟೂ ಬಾಯಿ ಅಗಲವಾಗುತ್ತದೆ. ಆಲಿಕೆಯ ಆಕಾರವನ್ನು ಅರ್ಧ ಎತ್ತರಕ್ಕೆ ತುಂಬಿಸಿದರೆ ಎಂಟರಲ್ಲಿ ಒಂದು ಪಾಲು ನೀರು ಮಾತ್ರ. ಕಣಿವೆ ಆಲಿಕೆಯಷ್ಟು ಕರಾರುವಾಕ್ಕಾದ ಆಕಾರವಲ್ಲ ನಿಜ, ಆದರೂ 65 ಅಡಿಯಲ್ಲಿ ಇರುವುದು ಅರ್ಧಕ್ಕಿಂತ ಬಹಳ ಕಮ್ಮಿ. ಅಲ್ಲಿಯೂ ಒಂದಡಿಯ ಬೆಲೆ ಎಂದರೆ ಆ ಮಟ್ಟದಲ್ಲಿ ನೀರು ಹರಡಿರುವ ವಿಸ್ತೀರ್ಣ. 129ರಿಂದ 130ಕ್ಕೆ ಏರುವ ಒಂದಡಿ, 64ರಿಂದ 65ಕ್ಕೆ ಏರಿದ ಒಂದಡಿಗಿಂತ ಎಷ್ಟೋ ದೊಡ್ಡದು. 1907ರಲ್ಲಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ.

ಅದಕ್ಕೇ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡುವಾಗ ಅಡಿಯ ಜೊತೆಗೆ ಟಿಎಂಸಿಯನ್ನೂ ನೋಡಿ. ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಅದೂ ಒಂದು ಪೆಟ್ಟಿಗೆಯೇ: ಸಾವಿರ ಅಡಿ ಉದ್ದ, ಸಾವಿರ ಅಡಿ ಅಗಲ, ಸಾವಿರ ಅಡಿ ಎತ್ತರ. ಲೀಟರಿನಲ್ಲಿ ಸುಮಾರು 2,832 ಕೋಟಿ. ನಿಮ್ಮ 288 ಘನ ಅಡಿಯ ಸಂಪುಗಳು 34 ಲಕ್ಷದ 72 ಸಾವಿರ ಬೇಕು ಅದನ್ನು ತುಂಬಿಡಲು. ಆ ಪೆಟ್ಟಿಗೆಯ ಒಂದು ಬದಿಯನ್ನು ಮಾತ್ರ 500 ಅಡಿಗೆ ಇಳಿಸಿದರೆ ಅರ್ಧ ಟಿಎಂಸಿ. ಮೂರನ್ನೂ 500ಕ್ಕೆ ಇಳಿಸಿದರೆ ಉಳಿಯುವುದು ಎಂಟನೇ ಒಂದು ಪಾಲು, 0.125 ಟಿಎಂಸಿ.