ಟೈಮ್ ಸರಿ ಮಾಡಿದ ಮೇಲೂ ಸರ್ವರ್ ಯಾಕೆ ಏಳುವುದಿಲ್ಲ?

ಮಳೆಗಾಲದಲ್ಲಿ ಕೊಡಗಿನಲ್ಲಿ ಕರೆಂಟ್ ಹೋದರೆ ಒಮ್ಮೊಮ್ಮೆ ದಿನಗಟ್ಟಲೆ ಬರುವುದಿಲ್ಲ. ಲೈನ್ ಮೇಲೆ ಮರ ಬಿತ್ತು, ಯುಪಿಎಸ್ ಖಾಲಿಯಾಯಿತು, ಸರ್ವರ್ ಆಫ್. ಕರೆಂಟ್ ಬಂದ ಮೇಲೆ ಮಡಿಕೇರಿ, ಗೋಣಿಕೊಪ್ಪಲು, ಸೋಮವಾರಪೇಟೆ ಕಡೆಯಿಂದ ಫೋನ್ ಬರುತ್ತದೆ. "ಸರ್, ಸರ್ವರ್ ಆನ್ ಆಗಿದೆ, ಬಿಲ್ಲಿಂಗ್ ಮಾತ್ರ ಓಪನ್ ಆಗ್ತಿಲ್ಲ." ಒಂದು ಕಡೆ ಲೈಸೆನ್ಸ್ ಸರಿಯಿಲ್ಲ ಅಂತ ಬರುತ್ತದೆ, ಇನ್ನೊಂದು ಕಡೆ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಅಂತ. ಎರಡಕ್ಕೂ ಕಾರಣ ಮಷೀನಿನ ತಪ್ಪು ತಾರೀಖು ಇರಬಹುದು, ಆದರೆ ಟೈಮ್ ತಪ್ಪಿದೆ ಅಂತ ನೇರವಾಗಿ ಹೇಳುವ ಸಾಫ್ಟ್‌ವೇರ್ ತೀರಾ ಕಡಿಮೆ.

ಹಾಗಾಗಿ ಮೊದಲು ತಾರೀಖು ನೋಡಿ. ಹಳೆಯ ಮಷೀನ್ ಆದರೆ ಎಷ್ಟೋ ವರ್ಷ ಹಿಂದಿನ ಜನವರಿ 1 ತೋರಿಸುತ್ತಿರಬಹುದು. ಕಾರಣ ಮದರ್‌ಬೋರ್ಡ್ ಮೇಲಿನ ಪುಟ್ಟ ಸೆಲ್, ಸಾಮಾನ್ಯವಾಗಿ ಸಿಆರ್ 2032, 3 ವೋಲ್ಟ್. ಕರೆಂಟ್ ಇಲ್ಲದಾಗ ಮಷೀನಿನ ಗಡಿಯಾರ ನಡೆಸುವುದು ಅದೇ. ಕರೆಂಟ್ ಹೋಗದ ಊರಿನಲ್ಲಿ ಅದು ಸತ್ತಿದ್ದೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಜುಲೈನಲ್ಲಿ ಗೊತ್ತಾಗುತ್ತದೆ. ಮೇ ತಿಂಗಳಲ್ಲೇ ಬದಲಿಸಿಬಿಡಿ, ಖರ್ಚೇನೂ ಜಾಸ್ತಿ ಇಲ್ಲ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಸೆಲ್‌ನ ತಪ್ಪಲ್ಲ, ಟೈಮ್‌ಜೋನ್ ಸೆಟ್ಟಿಂಗ್ ನೋಡಿ; ನಮ್ಮ ಟೈಮ್ ವಿಶ್ವ ಸಮಯಕ್ಕಿಂತ (ಯುಟಿಸಿ) ಅಷ್ಟೇ ಮುಂದಿದೆ.

ನಿಜವಾದ ತೊಂದರೆ ಶುರುವಾಗುವುದು ಇಲ್ಲಿಂದ. ಬಿಲ್ಲಿಂಗ್, ಡೇಟಾಬೇಸ್ ಎಲ್ಲ ಓಡುತ್ತಿರುವಾಗಲೇ ತಾರೀಖು ಸರಿ ಮಾಡುತ್ತಾರೆ. ಪ್ರೋಗ್ರಾಂಗೆ ಒಂದೇ ಕ್ಷಣದಲ್ಲಿ ಹತ್ತು ವರ್ಷ ಕಳೆದಂತೆ ಕಾಣುತ್ತದೆ. ಲಾಗಿನ್‌ಗಳೆಲ್ಲ ಅವಧಿ ಮೀರುತ್ತವೆ, ಇಷ್ಟು ಹೊತ್ತು ಕಾದು ಬಿಟ್ಟುಬಿಡು ಅನ್ನುವ ಟೈಮ್‌ಔಟ್‌ಗಳು ಒಟ್ಟಿಗೆ ಹೊಡೆಯುತ್ತವೆ. ಟೈಮ್ ಹಿಂದಕ್ಕೆ ಹೋದರೆ ಇದರ ಉಲ್ಟಾ. ಐದು ನಿಮಿಷ ಬಿಟ್ಟು ಓಡಬೇಕಿದ್ದ ಕೆಲಸ ಸುಮ್ನೆ ಕಾಯುತ್ತಾ ಕೂರುತ್ತದೆ. ಕಾಯುವ ಲೆಕ್ಕಕ್ಕೆ ಮಾನೋಟಾನಿಕ್ ಕ್ಲಾಕ್ (ಕಳೆದ ಹೊತ್ತನ್ನಷ್ಟೇ ಎಣಿಸುತ್ತಾ ಮುಂದಕ್ಕೇ ಹೋಗುವ ಗಡಿಯಾರ) ಬಳಸಿದ್ದರೆ ಹೀಗಾಗದು, ತಾರೀಖು ಬದಲಿಸಿದರೂ ಆ ಕ್ಲಾಕ್ ಅಲುಗುವುದಿಲ್ಲ. ಎಲ್ಲರೂ ಹಾಗೆ ಬರೆದಿರುವುದಿಲ್ಲ ಅಲ್ವಾ?

ಅದಕ್ಕೇ ಕ್ರಮ ಮುಖ್ಯ. ಮೊದಲು ಸರ್ವಿಸ್‌ಗಳನ್ನು ನಿಲ್ಲಿಸಿ. ಆಮೇಲೆ ಟೈಮ್ ಸರಿ ಮಾಡಿ, ಅದನ್ನು ಸೆಲ್ ನಡೆಸುವ ಹಾರ್ಡ್‌ವೇರ್ ಗಡಿಯಾರಕ್ಕೂ ಬರೆಯಿರಿ. ಮೊದಲು ಡೇಟಾಬೇಸ್, ಅದರ ಹಿಂದೆ ಬಿಲ್ಲಿಂಗ್ ಶುರು ಮಾಡಿ. ಇಷ್ಟೆಲ್ಲ ಯಾಕೆ ಅನ್ನುವವರಿಗೆ 2012ರ ಜುಲೈ 1 ನೆನಪಿಸುತ್ತೇನೆ. ನಮ್ಮ ಬೆಳಗಿನ ಐದೂವರೆಗೆ ಜಗತ್ತಿನ ಗಡಿಯಾರಕ್ಕೆ ಒಂದೇ ಒಂದು ಲೀಪ್ ಸೆಕೆಂಡ್ (ಭೂಮಿಯ ತಿರುಗುವಿಕೆಗೆ ಹೊಂದಿಸಲು ಹಾಕುವ ಹೆಚ್ಚುವರಿ ಸೆಕೆಂಡ್) ಸೇರಿಸಿದರು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿದ್ದ ದೋಷದಿಂದ ಎಷ್ಟೋ ಸರ್ವರ್‌ಗಳಲ್ಲಿ ಜಾವಾ ಪ್ರೋಗ್ರಾಂಗಳು ಸಿಪಿಯು ಪೂರ್ತಿ ತಿಂದು ಕೂತವು. ತಾರೀಖನ್ನು ಮತ್ತೊಮ್ಮೆ ಸೆಟ್ ಮಾಡಿದರೆ ಸರಿಹೋಗುತ್ತಿತ್ತು.

ಟೈಮ್ ಮುಂದೆ ಹೋದಾಗ ನನಗೆ ಜಾಸ್ತಿ ಭಯ ಬ್ಯಾಕಪ್‌ನದ್ದು. 30 ದಿನಕ್ಕಿಂತ ಹಳೆಯದನ್ನು ಅಳಿಸುವ ಸ್ಕ್ರಿಪ್ಟ್ ಎಲ್ಲ ಕಡೆ ಇರುತ್ತದೆ. ಗಡಿಯಾರ ಒಂದು ವರ್ಷ ಮುಂದೆ ಜಿಗಿದರೆ ನಿನ್ನೆಯ ಬ್ಯಾಕಪ್ಪೂ ಹಳೆಯದೇ, ಎಲ್ಲವೂ ಹೋಗುತ್ತದೆ. ದಿನದ ಲೆಕ್ಕ ಬಿಡಿ, ಕೊನೆಯ 30 ಪ್ರತಿ ಯಾವತ್ತೂ ಉಳಿಯಲಿ ಅಂತ ಬರೆಸಿ. ದಯವಿಟ್ಟು ಈ ವಾರವೇ ಮಾಡಿಸಿ.

ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಟೈಮ್ ಹೊಂದಿಸುವ ವ್ಯವಸ್ಥೆ) ಹಾಕಿದ್ದೇವೆ, ತಾನಾಗಿಯೇ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಆ ಕೆಲಸ ಮಾಡುವ ಹಳೆಯ ಪ್ರೋಗ್ರಾಂ ಎನ್‌ಟಿಪಿಡಿ 1000 ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ತಾನೇ ನಿಂತುಬಿಡುತ್ತದೆ. ಶುರುವಿನಲ್ಲಿ ಒಮ್ಮೆ ಎಷ್ಟು ಬೇಕಾದರೂ ಸರಿ ಮಾಡಲು ಬಿಡುವ ಆಯ್ಕೆ ಇದೆ, ಅದನ್ನು ಹಾಕಿಸಿ. ಅದೇ ಕೆಲಸದ ಹೊಸ ಪ್ರೋಗ್ರಾಂ ಕ್ರೋನಿ ಇದ್ದರೆ ಇನ್ನೂ ಒಳ್ಳೆಯದು. ಆದರೆ ಮಳೆಗೆ ಇಂಟರ್ನೆಟ್ಟೂ ಹೋಗಿರುತ್ತದೆ, ಟೈಮ್ ಕೇಳುವುದು ಯಾರನ್ನು? ಟೈಮ್ ಹೊಂದುವವರೆಗೆ ಬಿಲ್ಲಿಂಗ್ ಶುರುವಾಗದಂತೆ ಸಿಸ್ಟಂಡಿಯಲ್ಲಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ಪ್ರೋಗ್ರಾಂ) ಕಟ್ಟಿಹಾಕಿ. ದೊಡ್ಡ ಆಫೀಸಾದರೆ ಒಂದು ಜಿಪಿಎಸ್ ರಿಸೀವರ್ ಹಾಕಿಸಿ, ಇಂಟರ್ನೆಟ್ ಇಲ್ಲದೆಯೂ ಟೈಮ್ ಸಿಗುತ್ತದೆ.

ತಪ್ಪು ಟೈಮ್‌ನಲ್ಲಿ ಬಿಲ್ ಹಾಕಿಬಿಟ್ಟಿದ್ದರೆ ಅವನ್ನು ತಾರೀಖಿನ ಮೇಲೆ ಹುಡುಕಬೇಡಿ, ಸಿಗುವುದಿಲ್ಲ. ಬಿಲ್ ನಂಬರ್ ಕ್ರಮದಲ್ಲಿ ತೆಗೆದರೆ ತಾರೀಖು ಹಿಂದೆ ಜಿಗಿದ ಜಾಗ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಎಷ್ಟು ಬಿಲ್ ಆಗಿದೆ ಅಂತ ಬರೆದುಕೊಂಡು, ತಿದ್ದುವ ಮೊದಲು ನಿಮ್ಮ ಅಕೌಂಟೆಂಟ್‌ಗೆ ತೋರಿಸಿ.