ಎಐ ಬಗ್ಗೆ ಹೇಳಿದ ಭವಿಷ್ಯಗಳನ್ನು ತಾಳೆ ನೋಡುವುದು ಹೇಗೆ?

2029ಕ್ಕೆ ಮನುಷ್ಯನಷ್ಟೇ ಬುದ್ಧಿಯಿರುವ ಯಂತ್ರ. 2045ಕ್ಕೆ ಮನುಷ್ಯನ ಬುದ್ಧಿಯೂ ಯಂತ್ರದ ಬುದ್ಧಿಯೂ ಬೆರೆತುಹೋಗುವ 'ಸಿಂಗ್ಯುಲಾರಿಟಿ'. ಅಮೆರಿಕದ ಆವಿಷ್ಕಾರಕ, ಲೇಖಕ ರೇ ಕರ್ಜ್‌ವೈಲ್ ವರ್ಷಗಳಿಂದ ಹೇಳುತ್ತ ಬಂದಿರುವ ಈ ಎರಡು ಇಸವಿಗಳು ಎಐ ಬಗ್ಗೆ ಓದಲು ಕೂತವರಿಗೆ ಎಲ್ಲೋ ಒಂದು ಕಡೆ ಎದುರಾಗುತ್ತವೆ. ಇದು ಆಗುವ ಮಾತಾ, ಸುಮ್ನೆ ಕಥೆಯಾ?

ಒಂದೇ ಏಟಿಗೆ ಹೌದು, ಅಲ್ಲ ಎನ್ನುವುದು ಕಷ್ಟ. ಆದರೆ ಹಳೆಯ ಭವಿಷ್ಯಗಳ ಸುಮಾರು ಎಪ್ಪತ್ತು ವರ್ಷದ ಲೆಕ್ಕ ನಮ್ಮ ಮುಂದಿದೆ. ಅದನ್ನು ಓದುವಾಗ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಈ ಮಾತಿನಲ್ಲಿ ಯಂತ್ರದಿಂದ ಏನು ಮಾಡಲು ಸಾಧ್ಯ ಎನ್ನುವ ಭಾಗ ಎಷ್ಟು, ಜನರ ಬದುಕು ಹೇಗೆ ಬದಲಾಗುತ್ತದೆ ಎನ್ನುವ ಭಾಗ ಎಷ್ಟು? ಮೊದಲನೆಯದು ಎಷ್ಟೋ ಸಲ ತಡವಾಗಿಯಾದರೂ ನಿಜವಾಗಿದೆ. ಜಾಸ್ತಿ ಎಡವಿರುವುದು ಎರಡನೆಯದರಲ್ಲಿ.

ಹಳೆಯ ಲೆಕ್ಕ

1954ರ ಜನವರಿಯಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ ನ್ಯೂಯಾರ್ಕಿನಲ್ಲಿ ಒಂದು ಪ್ರದರ್ಶನ ಏರ್ಪಡಿಸಿದವು. ಕಂಪ್ಯೂಟರು 60ಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ಅನುವಾದಿಸಿತು. ಮೂರರಿಂದ ಐದು ವರ್ಷದಲ್ಲಿ ಅನುವಾದದ ಸಮಸ್ಯೆ ಬಗೆಹರಿಯುತ್ತದೆ ಎಂಬ ಮಾತು ಆಗ ಕೇಳಿಬಂತು. ಒಳಗೆ ಇದ್ದದ್ದು 250 ಪದ, 6 ವ್ಯಾಕರಣ ನಿಯಮ. ವಾಕ್ಯಗಳನ್ನೂ ಅದಕ್ಕೆ ಹೊಂದುವಂತೆ ಆರಿಸಿದ್ದರು. 1966ರಲ್ಲಿ ಅಮೆರಿಕ ಸರ್ಕಾರದ ಆಲ್‌ಪ್ಯಾಕ್ ಸಮಿತಿ ಇದರಿಂದ ಸದ್ಯಕ್ಕೆ ಏನೂ ಗಿಟ್ಟುವುದಿಲ್ಲ ಎಂಬ ಅರ್ಥದ ವರದಿ ಕೊಟ್ಟಿತು. ದುಡ್ಡು ನಿಂತಿತು.

ಆದರೆ ಯಂತ್ರಾನುವಾದ ಬರಲೇ ಇಲ್ಲ ಎನ್ನುವಂತಿಲ್ಲ. ಬಂತು, ಬೇರೆ ದಾರಿಯಲ್ಲಿ. ನಿಯಮ ಬರೆಯುವುದನ್ನು ಬಿಟ್ಟು, ಎರಡು ಭಾಷೆಯಲ್ಲಿರುವ ರಾಶಿ ಪಠ್ಯವನ್ನು ಹೋಲಿಸಿ ಯಾವ ಪದಕ್ಕೆ ಯಾವುದು ಹೊಂದುವ ಸಾಧ್ಯತೆ ಜಾಸ್ತಿ ಎಂದು ಲೆಕ್ಕ ಹಾಕುವ ದಾರಿ ಅದು. ಆ ದಾರಿಯಲ್ಲೇ 2011ರಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ ಕನ್ನಡವೂ ಸೇರಿತು. ಅಷ್ಟರಲ್ಲಿ 57 ವರ್ಷ ಕಳೆದಿತ್ತು. ಶುರುವಿನ ಕನ್ನಡ ಹೇಗಿತ್ತು ಎನ್ನುವುದು ಬಳಸಿದವರಿಗೆ ಗೊತ್ತು, ಅದು ಬೇರೆ ಮಾತು.

1956ರ ಬೇಸಿಗೆಯ ಡಾರ್ಟ್‌ಮತ್ ಕಾಲೇಜಿನ ಕಮ್ಮಟ ಎಐ ಎಂಬ ಅಧ್ಯಯನ ಕ್ಷೇತ್ರದ ಹುಟ್ಟು ಎನ್ನುತ್ತಾರೆ. ಅದರ ಪ್ರಸ್ತಾವನೆಯ ಧೈರ್ಯ ನೋಡಿ: ಹತ್ತು ಜನ, ಎರಡು ತಿಂಗಳು ಕೂತು ಕೆಲಸ ಮಾಡಿದರೆ ಭಾಷೆ, ಪರಿಕಲ್ಪನೆ, ಯಂತ್ರ ತಾನೇ ಸುಧಾರಿಸಿಕೊಳ್ಳುವುದು ಇವುಗಳಲ್ಲಿ ಒಂದೋ ಎರಡೋ ಕಡೆ ದೊಡ್ಡ ಮುನ್ನಡೆ ಸಾಧ್ಯ! ಅಲ್ಲಿಗೆ ಬಂದಿದ್ದ ಹರ್ಬರ್ಟ್ ಸೈಮನ್, ಹತ್ತು ವರ್ಷದಲ್ಲಿ ಕಂಪ್ಯೂಟರ್ ಚೆಸ್ ವಿಶ್ವ ಚಾಂಪಿಯನ್ ಆಗುತ್ತದೆ ಎಂದು ಮರುವರ್ಷವೇ ಹೇಳಿದರು. 1965ರಲ್ಲಿ ಇನ್ನೂ ಮುಂದೆ ಹೋದರು: ಮನುಷ್ಯ ಮಾಡುವ ಯಾವುದೇ ಕೆಲಸವನ್ನು ಇಪ್ಪತ್ತು ವರ್ಷದೊಳಗೆ ಯಂತ್ರ ಮಾಡುತ್ತದೆ. 1967ರಲ್ಲಿ ಮಾರ್ವಿನ್ ಮಿನ್‌ಸ್ಕಿ ಒಂದು ತಲೆಮಾರಿನೊಳಗೆ ಸಮಸ್ಯೆ ಬಹುಪಾಲು ಬಗೆಹರಿಯುತ್ತದೆ ಎಂದರು. ಇವರು ಬೀದಿ ಬದಿಯ ಗಿಣಿಶಾಸ್ತ್ರದವರಲ್ಲ. ಇಬ್ಬರಿಗೂ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂದಿದೆ, ಸೈಮನ್‌ಗೆ ಅರ್ಥಶಾಸ್ತ್ರದ ನೊಬೆಲ್ ಕೂಡ. ಹಾಗಾಗಿ 'ಹೇಳಿದವರು ದೊಡ್ಡ ವಿಜ್ಞಾನಿ' ಎಂಬ ವಾದಕ್ಕೆ ಈ ವಿಷಯದಲ್ಲಿ ಹೆಚ್ಚು ಬೆಲೆ ಕೊಡಬೇಡಿ.

ಚೆಸ್ ಕಥೆ ಸ್ವಲ್ಪ ನಿಧಾನವಾಗಿ ನೋಡಬೇಕು. ಐಬಿಎಂನ ಡೀಪ್ ಬ್ಲೂ ಕಂಪ್ಯೂಟರು ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿದ್ದು 1997ರ ಮೇ ತಿಂಗಳಲ್ಲಿ. ಹತ್ತು ವರ್ಷ ಎಂದದ್ದು ನಲವತ್ತಾಯಿತು. ಆದರೂ ಸೈಮನ್ ತೋರಿಸಿದ ದಿಕ್ಕು ಸರಿಯಿತ್ತು. ತಪ್ಪಿದ್ದು ಇನ್ನೊಂದು ಕಡೆ. ಚೆಸ್ ಗೆಲ್ಲುವ ಯಂತ್ರಕ್ಕೆ ಮನುಷ್ಯನಂಥ ಯೋಚನೆ ಇರಲೇಬೇಕು ಎಂದು ಆ ಕಾಲದಲ್ಲಿ ಹಲವರು ಅಂದುಕೊಂಡಿದ್ದರು. ಡೀಪ್ ಬ್ಲೂ ಮಾಡಿದ್ದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ತಡಕಾಡುವ ಕೆಲಸ. ಚೆಸ್ ಗೆದ್ದ ಆ ಯಂತ್ರಕ್ಕೆ ಕಾಯಿ ಎತ್ತಿಡಲು ಎದುರಿಗೆ ಒಬ್ಬ ಮನುಷ್ಯ ಕೂರಬೇಕಿತ್ತು. ನಮಗೆ ಕಷ್ಟವಾದದ್ದು ಯಂತ್ರಕ್ಕೆ ಸುಲಭ, ಒಂದು ವರ್ಷದ ಮಗು ಮಾಡುವಂಥದ್ದು ಯಂತ್ರಕ್ಕೆ ಬಲು ಕಷ್ಟ. 1988ರಲ್ಲಿ ರೋಬೋಟ್ ತಜ್ಞ ಹ್ಯಾನ್ಸ್ ಮೊರಾವೆಕ್ ಇದನ್ನು ಬಿಡಿಸಿ ಬರೆದರು. ಪರೀಕ್ಷೆಯಲ್ಲಿ 'ಮೊರಾವೆಕ್ ವಿರೋಧಾಭಾಸ' ಎಂದು ಕೇಳಿದರೆ ಇದೇ. ಒಂದು ಕೆಲಸ ಗೆದ್ದ ಯಂತ್ರ ಪಕ್ಕದ ಕೆಲಸವನ್ನೂ ಗೆಲ್ಲುತ್ತದೆ ಎಂದು ಊಹಿಸುವವರೆಲ್ಲ ಎಡವುವುದು ಇಲ್ಲೇ.

ತಿರುಗಿ ಬಿದ್ದ ಲೆಕ್ಕಗಳು

ಹಾಗಂತ 'ಎಲ್ಲ ಬೊಗಳೆ' ಎನ್ನುವವರ ದಾಖಲೆಯೂ ಚೆನ್ನಾಗಿಲ್ಲ. ಕಪ್ಪು-ಬಿಳಿ ಕಲ್ಲುಗಳ ಮಣೆಯಾಟವಾದ ಗೋದಲ್ಲಿ ಯಂತ್ರ ಗೆಲ್ಲಲು ಇನ್ನೂ ಹತ್ತು ವರ್ಷ ಬೇಕು ಎಂದು ಬಲ್ಲವರೇ ಹೇಳುತ್ತಿದ್ದಾಗ, 2016ರ ಮಾರ್ಚಿನಲ್ಲಿ ಆಲ್ಫಾಗೋ ಎಂಬ ಎಐ ದಕ್ಷಿಣ ಕೊರಿಯಾದ ಅಗ್ರ ಆಟಗಾರ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿತು. ಪ್ರೊಟೀನು ಹೇಗೆ ಮಡಚಿಕೊಳ್ಳುತ್ತದೆ ಎಂಬ ಐವತ್ತು ವರ್ಷದ ಒಗಟಿನಲ್ಲಿ 2020ರಲ್ಲಿ ಆಲ್ಫಾಫೋಲ್ಡ್ ಎಂಬ ಎಐ ದೊಡ್ಡ ಜಿಗಿತ ಮಾಡಿತು. ಅದಕ್ಕೆ 2024ರ ರಸಾಯನಶಾಸ್ತ್ರ ನೊಬೆಲ್‌ನ ಪಾಲು ಸಿಕ್ಕಿತು.

ಎಐ ಆಚೆಗೂ ಒಂದು ಉದಾಹರಣೆ ಇದೆ. 1945ರಲ್ಲಿ ವೈಜ್ಞಾನಿಕ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್, ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಮೂರು ಕೇಂದ್ರ ಇಟ್ಟರೆ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದು ಎಂದು ಬರೆದರು. 1964ರಲ್ಲಿ ಆ ಬಗೆಯ ಮೊದಲ ಭೂಸ್ಥಿರ ಉಪಗ್ರಹ ಮೇಲೇರಿತು. ಇವತ್ತು ನಮ್ಮ ಹಾಸನದ ಇಸ್ರೊ ಕೇಂದ್ರ ಅದೇ ಕಕ್ಷೆಯ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಆದರೆ ಕ್ಲಾರ್ಕ್ ಊಹಿಸಿದ್ದು ಸಿಬ್ಬಂದಿ ಇರುವ ದೊಡ್ಡ ನಿಲ್ದಾಣ. ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ, ಕೆಟ್ಟ ವಾಲ್ವುಗಳನ್ನು ಬದಲಿಸಲು ಜನ ಬೇಕಿತ್ತು. ಕಕ್ಷೆ ಭೌತಶಾಸ್ತ್ರದ ಲೆಕ್ಕ, ಸರಿಬಂತು. ಅಲ್ಲಿ ಜನ ಕೂತು ಕೆಲಸ ಮಾಡುತ್ತಾರೆ ಎನ್ನುವುದು ಬದುಕಿನ ಊಹೆ, ಬಿದ್ದುಹೋಯಿತು.

ಕರ್ಜ್‌ವೈಲ್ ಲೆಕ್ಕದ ಒಳಗೆ

ಅವರ ವಾದದ ಬೇರು ದುಪ್ಪಟ್ಟಾಗುವ ಬೆಳವಣಿಗೆ. ಒಂದು ಚಿಪ್ಪಿನ ಮೇಲಿನ ಘಟಕಗಳು ವರ್ಷವರ್ಷ ದುಪ್ಪಟ್ಟಾಗುತ್ತವೆ ಎಂದು ಗಾರ್ಡನ್ ಮೂರ್ 1965ರಲ್ಲಿ ಬರೆದರು. 1975ರಲ್ಲಿ ಅವರೇ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಲೆಕ್ಕ ಹಾಕುವ ಸಾಮರ್ಥ್ಯಕ್ಕೆ ತಗಲುವ ಖರ್ಚು ಇಳಿಯುತ್ತ ಹೋಗುತ್ತದೆ ಎಂಬ ಮಟ್ಟಿಗೆ ಕರ್ಜ್‌ವೈಲ್ ಗೆದ್ದಿದ್ದಾರೆ. ಇದನ್ನು ಒಪ್ಪದೆ ಅವರನ್ನು ಟೀಕಿಸುವುದು ನ್ಯಾಯವಲ್ಲ. ಆದರೆ ಇಂಥ ಗೆರೆಗಳು ಮುರಿಯುವುದೂ ಉಂಟು. 2005ರ ಸುಮಾರಿಗೆ ಪ್ರೊಸೆಸರುಗಳ ವೇಗ ಬಿಸಿಯ ಕಾರಣಕ್ಕೆ ಕೆಲವೇ ಗಿಗಾಹರ್ಟ್ಸ್‌ನಲ್ಲಿ ನಿಂತಿತು. ಕಂಪನಿಗಳು ಒಂದೇ ಚಿಪ್ಪಿನಲ್ಲಿ ಕೋರ್‌ಗಳನ್ನು (ಬಿಡಿ ಲೆಕ್ಕ ಘಟಕಗಳನ್ನು) ಹೆಚ್ಚಿಸುವ ಕಡೆ ಹೊರಳಿದವು.

2009ಕ್ಕೆಂದು ಹೇಳಿದ್ದ 147 ಮಾತುಗಳಲ್ಲಿ 127 ಸರಿಯಾಗಿವೆ ಎಂದು ಕರ್ಜ್‌ವೈಲ್ ತಮಗೆ ತಾವೇ ಅಂಕ ಕೊಟ್ಟುಕೊಂಡರು. ಅಂದರೆ 86%. ತಮ್ಮ ಉತ್ತರಪತ್ರಿಕೆಯನ್ನು ತಾವೇ ತಿದ್ದಿದರೆ ನಮಗೂ ಅಷ್ಟೇ ಬರುತ್ತಿತ್ತು, ಅಲ್ವಾ? ಹೊರಗಿನವರು ಕೊಟ್ಟ ಅಂಕ ಬಹಳ ಕಡಿಮೆ. ಒಂದು ಮಾತು ಮಾತ್ರ ಗುರುತು ಹಾಕಿಕೊಳ್ಳಿ. 2009ರ ಹೊತ್ತಿಗೆ ಬಹುಪಾಲು ಬರಹ ಟೈಪ್ ಆಗದೆ, ಬಾಯಲ್ಲಿ ಹೇಳಿ ಬರೆಸಿದ್ದಾಗಿರುತ್ತದೆ ಎಂದಿದ್ದರು. ಮಾತನ್ನು ಬರಹ ಮಾಡುವ ತಂತ್ರ ಈಗ ಪ್ರತಿ ಫೋನಿನಲ್ಲೂ ಇದೆ, ಕನ್ನಡಕ್ಕೂ ಇದೆ. ಆದರೂ ಆಫೀಸಿನಲ್ಲಿ ಕೂತು ಇಮೇಲನ್ನು ಗಟ್ಟಿಯಾಗಿ ಹೇಳಿ ಬರೆಸುವವರು ಎಷ್ಟು ಜನ? ಯಂತ್ರ ಕಲಿಯಿತು, ಜನ ಅಭ್ಯಾಸ ಬದಲಿಸಲಿಲ್ಲ.

ರಸ್ತೆ ಮತ್ತು ಆಸ್ಪತ್ರೆ

2004ರಲ್ಲಿ ಅಮೆರಿಕದ ಮೊಹಾವೆ ಮರುಭೂಮಿಯಲ್ಲಿ ಚಾಲಕನಿಲ್ಲದ ವಾಹನಗಳ ಸ್ಪರ್ಧೆ ನಡೆಯಿತು. ಸುಮಾರು 240 ಕಿ.ಮೀ. ದಾರಿಯಲ್ಲಿ ಅತಿ ದೂರ ಹೋದದ್ದು 12 ಕಿ.ಮೀ.ಯನ್ನೂ ಮುಟ್ಟಲಿಲ್ಲ. ಮರುವರ್ಷ ಐದು ವಾಹನಗಳು ಗುರಿ ಮುಟ್ಟಿದವು. ಇಂಥ ಜಿಗಿತ ನೋಡಿದರೆ ಯಾರಿಗಾದರೂ ಹುರುಪು ಬರುತ್ತದೆ. 2019ರಲ್ಲಿ ಇಲಾನ್ ಮಸ್ಕ್, ಮುಂದಿನ ವರ್ಷ ಹತ್ತು ಲಕ್ಷ ಟೆಸ್ಲಾ ಕಾರುಗಳು ರೋಬೋಟ್ ಟ್ಯಾಕ್ಸಿಯಾಗಲು ಸಿದ್ಧವಿರುತ್ತವೆ ಎಂದರು. 2020 ಬಂತು. ಆ ವರ್ಷ ಚಾಲಕನೇ ಇಲ್ಲದ ಟ್ಯಾಕ್ಸಿ ಜನಸಾಮಾನ್ಯರಿಗೆ ಸಿಕ್ಕಿದ್ದು ಫೀನಿಕ್ಸ್ ನಗರದ ಒಂದು ಭಾಗದಲ್ಲಿ, ಅದೂ ವೇಮೊ ಕಂಪನಿಯದು. 2017ರಲ್ಲೇ ನಮ್ಮ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ, ಉದ್ಯೋಗ ಕಸಿಯುವ ಇಂಥ ಕಾರುಗಳನ್ನು ಭಾರತಕ್ಕೆ ಬಿಡುವುದಿಲ್ಲ ಎಂದಿದ್ದರು. ಇದು ಯಾವ ಬೆಳವಣಿಗೆಯ ಗೆರೆಯಲ್ಲೂ ಕಾಣುವಂಥದ್ದಲ್ಲ.

ಆಸ್ಪತ್ರೆಯ ಉದಾಹರಣೆ ಇನ್ನೂ ಚೆನ್ನಾಗಿದೆ. 2016ರಲ್ಲಿ ಹೆಸರಾಂತ ಎಐ ವಿಜ್ಞಾನಿ ಜೆಫ್ರಿ ಹಿಂಟನ್, ಎಕ್ಸ್‌ರೇ, ಸ್ಕ್ಯಾನ್ ನೋಡಿ ರೋಗ ಗುರುತಿಸುವ ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಿ ಎಂದರು. ಐದು ವರ್ಷದಲ್ಲಿ, ಹೆಚ್ಚೆಂದರೆ ಹತ್ತರಲ್ಲಿ, ಯಂತ್ರ ಅವರನ್ನು ಮೀರಿಸುತ್ತದೆ ಎಂಬುದು ಅವರ ಲೆಕ್ಕ. ಹಲವು ದೇಶಗಳಲ್ಲಿ ಈಗಿನ ಚಿಂತೆ ರೇಡಿಯಾಲಜಿಸ್ಟ್‌ಗಳು ಸಾಲುತ್ತಿಲ್ಲ ಎಂಬುದು. ಸ್ಕ್ಯಾನ್‌ನಲ್ಲಿ ಗಂಟು ಗುರುತಿಸುವುದರಲ್ಲಿ ಯಂತ್ರ ಚುರುಕಾಗಿದೆ ನಿಜ. ಆದರೆ ಆ ವೈದ್ಯರ ದಿನದಲ್ಲಿ ಹಳೆಯ ಸ್ಕ್ಯಾನ್ ಜೊತೆ ಹೋಲಿಸುವುದು, ಬೇರೆ ವೈದ್ಯರ ಜೊತೆ ಚರ್ಚೆ, ಸೂಜಿ ಹಾಕಿ ಮಾದರಿ ತೆಗೆಯುವುದು, ತಪ್ಪಾದರೆ ಹೊಣೆ ಹೊರುವುದು ಎಲ್ಲವೂ ಇದೆ.

ಇದೇ ಗೊಂದಲ ಅಂಕಿಗಳಲ್ಲೂ ಇದೆ. ಅಮೆರಿಕದ 47% ಉದ್ಯೋಗಗಳಿಗೆ ಯಂತ್ರಗಳಿಂದ ಹೆಚ್ಚಿನ ಅಪಾಯ ಎಂದು ಆಕ್ಸ್‌ಫರ್ಡಿನ ಸಂಶೋಧಕರಾದ ಫ್ರೇ ಮತ್ತು ಆಸ್ಬೋರ್ನ್ 2013ರಲ್ಲಿ ಬರೆದರು. ಉದ್ಯೋಗವನ್ನು ಇಡಿಯಾಗಿ ಎಣಿಸದೆ, ಅದರೊಳಗಿನ ಬಿಡಿ ಕೆಲಸಗಳನ್ನು ಎಣಿಸಿದ 2016ರ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆ) ಅಧ್ಯಯನಕ್ಕೆ ಅದು 9% ಆಗಿ ಕಂಡಿತು. 2023ರ ಸಮೀಕ್ಷೆಯೊಂದರಲ್ಲಿ 2,778 ಎಐ ಸಂಶೋಧಕರನ್ನು ಕೇಳಿದರು. ಎಲ್ಲ ಬಿಡಿ ಕೆಲಸಗಳನ್ನೂ ಯಂತ್ರ ಮನುಷ್ಯನಿಗಿಂತ ಚೆನ್ನಾಗಿ ಮಾಡುವ ಸಾಧ್ಯತೆ 50% ಆಗುವುದು 2047ಕ್ಕೆ ಎಂಬ ಉತ್ತರ ಬಂತು. ಹಿಂದಿನ ವರ್ಷದ ಸಮೀಕ್ಷೆಗಿಂತ ಅದು 13 ವರ್ಷ ಹತ್ತಿರ. ಎಲ್ಲ ಉದ್ಯೋಗಗಳನ್ನೂ ಯಂತ್ರಕ್ಕೆ ಒಪ್ಪಿಸಲು ಆಗುವುದು ಯಾವಾಗ ಎಂದು ಕೇಳಿದರೆ 2116! ಸಮೀಕ್ಷೆ ಒಂದೇ. ಪ್ರಶ್ನೆ ಕೇಳಿದ ರೀತಿ ಬದಲಾದದ್ದಕ್ಕೆ ಸುಮಾರು ಎಪ್ಪತ್ತು ವರ್ಷದ ಅಂತರ.

ಹಾಗಾದರೆ 2029, 2045?

2029ರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಈಗಿನ ಚಾಟ್‌ಬಾಟ್‌ಗಳನ್ನು ನೋಡಿದರೆ, ಮಾತುಕತೆಯ ಮಟ್ಟಿಗೆ ಅದು ಹತ್ತಿರದಲ್ಲೇ ಇದೆ. 2045ರದ್ದು ಬೇರೆ. ತನಗಿಂತ ಜಾಣ ಯಂತ್ರವನ್ನು ಯಂತ್ರವೇ ಕಟ್ಟುತ್ತ ಹೋಗುತ್ತದೆ ಎಂಬ ಆಲೋಚನೆ 1965ರಲ್ಲಿ ಬ್ರಿಟಿಷ್ ಗಣಿತಜ್ಞ ಐ.ಜೆ. ಗುಡ್ ಬರೆದಾಗಿನಿಂದ ಇದೆ. ಜಾಣತನ ಒಂದಿದ್ದರೆ ಸಾಕು ಎಂದು ಅದು ನಂಬುತ್ತದೆ. ಆದರೆ ಅತಿ ಸೂಕ್ಷ್ಮ ಚಿಪ್ ಮಾಡಲು ಬೇಕಾದ, ನೇರಳಾತೀತ ಬೆಳಕಿನಿಂದ ಗೆರೆ ಮೂಡಿಸುವ ಇಯುವಿ ಯಂತ್ರ ತಯಾರಿಸುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. ವಿದ್ಯುತ್ ಸ್ಥಾವರ ಕಟ್ಟಲು ವರ್ಷಗಳು ಬೇಕು. ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಮನುಷ್ಯನ ದೇಹ ತೆಗೆದುಕೊಳ್ಳುವಷ್ಟು ಸಮಯ ಬೇಕೇ ಬೇಕು. ಹಾಗಾಗಿ 'ಎಐ ಬಂದರೆ ಆಯಸ್ಸು ಮಿತಿ ಇಲ್ಲದೆ ಬೆಳೆಯುತ್ತದೆ' ಎಂಬ ಇಸವಿ ಸಮೇತ ಬರುವ ಮಾತುಗಳನ್ನು ನಾನು ನಂಬುವುದಿಲ್ಲ.

ಇನ್ನೊಂದು ತಮಾಷೆ. 2012ರಲ್ಲಿ ಸಂಶೋಧಕರಾದ ಸ್ಟುವರ್ಟ್ ಆರ್ಮ್‌ಸ್ಟ್ರಾಂಗ್ ಮತ್ತು ಕಾಯ್ ಸೊಟಾಲ, ಮನುಷ್ಯನಷ್ಟೇ ಬುದ್ಧಿಯ ಯಂತ್ರ ಯಾವಾಗ ಎಂಬ 95 ಭವಿಷ್ಯಗಳನ್ನು ಕಲೆಹಾಕಿದಾಗ, ಮೂರನೇ ಒಂದಕ್ಕಿಂತ ಹೆಚ್ಚು 'ಇನ್ನು ಹದಿನೈದರಿಂದ ಇಪ್ಪತ್ತೈದು ವರ್ಷದಲ್ಲಿ' ಎಂದೇ ಇದ್ದವು. ಹಳೆಯವೂ ಹಾಗೇ, ಹೊಸವೂ ಹಾಗೇ.

ತಾಳೆ ನೋಡಲು ಬರುವಂತೆ ಬರೆದ ಭವಿಷ್ಯ ಬೇಕೆಂದರೆ 2002ರ ಒಂದು ಪಂದ್ಯ ಓದಿ. ಸಾಫ್ಟ್‌ವೇರ್ ಉದ್ಯಮಿ ಮಿಚ್ ಕೇಪೋರ್ ಮತ್ತು ಕರ್ಜ್‌ವೈಲ್ 20,000 ಡಾಲರ್ ಪಂದ್ಯ ಕಟ್ಟಿದ್ದಾರೆ. 2029ರೊಳಗೆ ಯಂತ್ರ ಟ್ಯೂರಿಂಗ್ ಪರೀಕ್ಷೆ ಪಾಸಾಗುತ್ತದೆಯೇ, ಅಂದರೆ ಮಾತುಕತೆಯಲ್ಲಿ ತಾನು ಮನುಷ್ಯನೇ ಎಂದು ನಂಬಿಸುತ್ತದೆಯೇ ಎಂಬುದು ವಿಷಯ. ಕರ್ಜ್‌ವೈಲ್ ಹೌದು ಎನ್ನುತ್ತಾರೆ, ಕೇಪೋರ್ ಇಲ್ಲ ಎನ್ನುತ್ತಾರೆ. ಮೂವರು ತೀರ್ಪುಗಾರರು, ಪ್ರತಿಯೊಬ್ಬರೂ ಒಂದು ಯಂತ್ರ ಮತ್ತು ಮೂವರು ಮನುಷ್ಯರ ಜೊತೆ ತಲಾ ಎರಡು ಗಂಟೆ ಮಾತಾಡಬೇಕು. ಗೆದ್ದವರ ಹಣ ದಾನಕ್ಕೆ ಹೋಗುತ್ತದೆ. ಐದು ನಿಮಿಷದ ಹರಟೆಗೂ ಎರಡು ಗಂಟೆಯ ವಿಚಾರಣೆಗೂ ಇರುವ ವ್ಯತ್ಯಾಸ ಯೋಚಿಸಿ, ನಿಮ್ಮ ಟಿಪ್ಪಣಿಯಲ್ಲಿ ಯಾರ ಪರ ಎಂದು ಈಗಲೇ ಬರೆದಿಡಿ. ಪಕ್ಕದಲ್ಲಿ ತಾರೀಖನ್ನೂ ಹಾಕಿ.