ಕಣ್ಣಿಗೆ ಕಾಣದ ಲೆಕ್ಕ

ಮದುವೆ ಮನೆಯ ಉಗ್ರಾಣದ ಬಾಗಿಲಲ್ಲಿ ನಮ್ಮ ಅಕ್ಕನ ಮಗಳು ನಿಂತಿದ್ದಳು. ವಯಸ್ಸು 14. ರೇಷ್ಮೆ ಲಂಗ, ಜಡೆ ತುಂಬ ಮಲ್ಲಿಗೆ. ಡಬ್ಬಿಗೆ ಕೈ ಹಾಕಿ ಸಕ್ಕರೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕೈ ನಡುಗುತ್ತಿತ್ತು. ಅಷ್ಟರಲ್ಲಿ ಅಲ್ಲಿಗೆ ಬಂದ ದೊಡ್ಡಮ್ಮ ಅವಳ ಕೈ ಹಿಡಿದುಕೊಂಡರು. "ಸಕ್ಕರೆ ಕಾಯಿಲೆ ಇಟ್ಕೊಂಡು ಕದ್ದು ಸಕ್ಕರೆ ತಿಂತೀಯಲ್ಲೇ!" ಅಂದರು. ಪ್ರೀತಿಯಿಂದಲೇ ಅಂದದ್ದು. ಅವಳು ಏನೂ ಹೇಳಲಿಲ್ಲ. ಮಾತಾಡುವ ಸ್ಥಿತಿಯಲ್ಲಿ ಅವಳು ಇರಲೂ ಇಲ್ಲ. ಆಗ ಅವಳ ರಕ್ತದ ಶುಗರ್ 58 ಇತ್ತು, 70ಕ್ಕಿಂತ ಇಳಿದರೇ ಅಪಾಯ.

ಆಗಿದ್ದು ಇಷ್ಟೇ. ಹನ್ನೆರಡೂವರೆಗೆ ಊಟ ಅಂದಿದ್ದರು. ಅವಳು ಅದೇ ಲೆಕ್ಕದಲ್ಲಿ ಇನ್ಸುಲಿನ್ ಚುಚ್ಚಿಕೊಂಡಳು. ಮೊದಲ ಪಂಕ್ತಿ ಹಿರಿಯರಿಗೆ ಹೋಯಿತು, ಎರಡನೆಯದು ಬೀಗರಿಗೆ. ಇನ್ಸುಲಿನ್ ಯಾರಿಗೂ ಕಾಯುವುದಿಲ್ಲ, ಅಲ್ವಾ? ರಕ್ತದ ಸಕ್ಕರೆ ಇಳಿಸುವ ತನ್ನ ಕೆಲಸವನ್ನು ಅದು ಶುರು ಮಾಡಿತ್ತು. ಆ ಹೊತ್ತಿಗೆ ಸಕ್ಕರೆಯೇ ಅವಳಿಗೆ ಔಷಧಿ.

ನಮ್ಮ ಕಡೆ ಸಕ್ಕರೆ ಕಾಯಿಲೆ ಅಂದ ಕೂಡಲೇ ನೆನಪಾಗುವುದು ಐವತ್ತು ದಾಟಿದವರು, ಬೆಳಗಿನ ವಾಕಿಂಗ್, ಸಕ್ಕರೆ ಹಾಕದ ಕಾಫಿ. ಅದು ಟೈಪ್ 2. ಅಲ್ಲಿ ದೇಹ ಇನ್ಸುಲಿನ್ ತಯಾರಿಸುತ್ತದೆ, ಆದರೆ ಅದು ಸರಿಯಾಗಿ ನಾಟುವುದಿಲ್ಲ, ಬರಬರುತ್ತಾ ಸಾಲುವುದೂ ಇಲ್ಲ. ಅಕ್ಕನ ಮಗಳದ್ದು ಟೈಪ್ 1. ಇದು ಬೇರೆಯೇ ಕಾಯಿಲೆ. ಹೊಟ್ಟೆಯ ಹಿಂದುಗಡೆ ಇರುವ ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಕೋಶಗಳಿವೆ. ಇನ್ಸುಲಿನ್ ತಯಾರಿಸುವುದು ಅವು. ರೋಗಾಣುಗಳ ಜೊತೆ ಹೋರಾಡಬೇಕಾದ ದೇಹದ ಕಾವಲು ಪಡೆ ಈ ಕೋಶಗಳನ್ನೇ ಶತ್ರು ಅಂದುಕೊಂಡು ನಾಶ ಮಾಡಿಬಿಡುತ್ತದೆ. ಮಗು ಸಿಹಿ ಜಾಸ್ತಿ ತಿಂದದ್ದಕ್ಕೆ ಇದು ಬರುವುದಿಲ್ಲ. ತಾಯಿ ಮುದ್ದು ಮಾಡಿ ಬೆಳೆಸಿದ್ದಕ್ಕೂ ಬರುವುದಿಲ್ಲ. ಹಾಗಲಕಾಯಿ ರಸಕ್ಕಾಗಲಿ, ಮೆಂತ್ಯದ ನೀರಿಗಾಗಲಿ ಸತ್ತ ಕೋಶಗಳನ್ನು ಬದುಕಿಸುವ ಶಕ್ತಿ ಇಲ್ಲ. ಯಾರದೋ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಗುವಿನ ಜೀವಕ್ಕೆ ಕುತ್ತು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಈಗ ಲೆಕ್ಕಕ್ಕೆ ಬರೋಣ. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಊಟಕ್ಕೆ ಮುಂಚೆ ಅಷ್ಟೂ ರಕ್ತದಲ್ಲಿ ಇರುವ ಸಕ್ಕರೆ ಸುಮಾರು 5 ಗ್ರಾಂ. ಅಂದರೆ ಒಂದು ಟೀ ಚಮಚ, ಅಷ್ಟೇ. ಒಂದು ಕಪ್ ಅನ್ನ ಉಂಡರೆ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತದೆ. ಅದೆಲ್ಲ ಕೊನೆಗೆ ಸಕ್ಕರೆಯಾಗಿ ರಕ್ತ ಸೇರಬೇಕು. ಒಂದು ಚಮಚ ಇರುವ ಕಡೆ ಒಂಬತ್ತು ಚಮಚ! ಆದರೂ ನಮ್ಮ ನಿಮ್ಮ ಶುಗರ್ ಹೆಚ್ಚು ಏರುವುದಿಲ್ಲ. ಬೀಟಾ ಕೋಶಗಳು ಕ್ಷಣ ಕ್ಷಣವೂ ಅಳೆದು, ಬೇಕಾದಷ್ಟೇ ಇನ್ಸುಲಿನ್ ಬಿಡುತ್ತವೆ. ನಮಗೆ ಅದರ ಪತ್ತೆಯೇ ಇರುವುದಿಲ್ಲ.

ಆ ಕೆಲಸವನ್ನು ಈ ಹುಡುಗಿ ಕೈಯಾರೆ ಮಾಡಬೇಕು. ಬೆಳಗ್ಗೆ ಎರಡು ಇಡ್ಲಿಯೋ ಮೂರೋ? ಸಂಜೆ ಖೋಖೋ ಆಟ ಇದೆಯಾ? ರಾತ್ರಿ ಮುದ್ದೆ ಎಷ್ಟು ದೊಡ್ಡದು? ಬೆರಳು ಚುಚ್ಚಿ, ಗ್ಲೂಕೋಮೀಟರ್ ನೋಡಿ, ಇನ್ಸುಲಿನ್ ಪೆನ್ನಿನಲ್ಲಿ ಯೂನಿಟ್ ತಿರುಗಿಸಿ, ಹೊಟ್ಟೆಗೋ ತೊಡೆಗೋ ಚುಚ್ಚಿಕೊಳ್ಳಬೇಕು. ದಿನಕ್ಕೆ ನಾಲ್ಕು ಸಲ, ಭಾನುವಾರ ಹಬ್ಬ ಪರೀಕ್ಷೆ ಎನ್ನದೆ. ನಾವು ನೋಡುವುದು ಸೂಜಿಯನ್ನು ಮಾತ್ರ. ತಲೆಯೊಳಗೆ ಇಡೀ ದಿನ ಓಡುವ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟಾದರೂ ಅದು ಬದುಕುವ ದಾರಿ. ನೂರು ವರ್ಷಕ್ಕೂ ಸ್ವಲ್ಪ ಹಿಂದೆ ಅದೂ ಇರಲಿಲ್ಲ. 1922ರ ಜನವರಿ 11ರಂದು ಕೆನಡಾದ ಟೊರಾಂಟೊ ಆಸ್ಪತ್ರೆಯಲ್ಲಿ ಲೆನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚಿದರು. ಅವನಿಗೂ 14 ವರ್ಷ, ತೂಕ ಸುಮಾರು 29 ಕಿಲೋ. ಮೊದಲ ಚುಚ್ಚುಮದ್ದು ಅಷ್ಟಾಗಿ ಫಲ ಕೊಡಲಿಲ್ಲ, ಚುಚ್ಚಿದ ಜಾಗ ಕೀವಾಯಿತು. ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್ ಮದ್ದನ್ನು ಇನ್ನಷ್ಟು ಶುದ್ಧ ಮಾಡಿಕೊಟ್ಟರು. ಜನವರಿ 23ರಂದು ಮತ್ತೆ ಚುಚ್ಚಿದಾಗ 520 ಇದ್ದ ಶುಗರ್ 120ಕ್ಕೆ ಇಳಿಯಿತು. ಅಲ್ಲಿಯವರೆಗೆ ಈ ಕಾಯಿಲೆಗೆ ಇದ್ದದ್ದು ಒಂದೇ ಉಪಾಯ, ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಕೆಲವು ತಿಂಗಳು ಮುಂದೂಡುವುದು.

ಹರೆಯದಲ್ಲಿ ಈ ಲೆಕ್ಕ ಯಾಕೆ ಇಷ್ಟು ತಪ್ಪುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮನೆಗಳಲ್ಲಿ ಜಗಳ ಆಗುವುದು ಇಲ್ಲೇ. 11, 12ರ ವಯಸ್ಸಿನವರೆಗೆ ಸುಮಾರಾಗಿ ಹಿಡಿತದಲ್ಲಿದ್ದ ಶುಗರ್ ಆಮೇಲೆ ಎತ್ತೆತ್ತಲೋ ಓಡುತ್ತದೆ. "ಮೊಬೈಲ್ ಬಂದ ಮೇಲೆ ಇವಳಿಗೆ ಮೈಮೇಲೆ ಜ್ಞಾನ ಇಲ್ಲ" ಅಂತ ಅಕ್ಕನೂ ಬೈದದ್ದಿದೆ. ಆದರೆ ಆ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನು ಧಾರಾಳವಾಗಿ ಸುರಿಯುತ್ತದೆ, ಅದರಲ್ಲೂ ರಾತ್ರಿ ನಿದ್ದೆಯಲ್ಲಿ. ಅದು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ. ನಿನ್ನೆ ಸಾಲುತ್ತಿದ್ದ ಯೂನಿಟ್ ಇವತ್ತು ಸಾಲುವುದಿಲ್ಲ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಯೂನಿಟ್‌ಗಿಂತ ಜಾಸ್ತಿ ಬೇಕಾಗಬಹುದು, ಕೆಲವರಿಗೆ 2ರ ಹತ್ತಿರ. ತಿಂಗಳ ಮುಟ್ಟಿನ ಮುಂಚಿನ ದಿನಗಳಲ್ಲಿ ಎಷ್ಟೋ ಹುಡುಗಿಯರಿಗೆ ಶುಗರ್ ಏರುತ್ತದೆ. ಪರೀಕ್ಷೆಯ ಭಯಕ್ಕೆ ಹೊಮ್ಮುವ ಅಡ್ರಿನಲಿನ್, ಕಾರ್ಟಿಸಾಲ್ ಕೂಡ ಅದನ್ನು ಏರಿಸುತ್ತವೆ. ಸಂಜೆ ಚೆನ್ನಾಗಿ ಆಡಿದ ದಿನ ಉಲ್ಟಾ, ಮಧ್ಯರಾತ್ರಿ ಶುಗರ್ ದಬಕ್ಕನೆ ಕುಸಿಯಬಹುದು.

ಅಂದರೆ ಹುಡುಗಿ ಎಲ್ಲವನ್ನೂ ಸರಿಯಾಗಿ ಮಾಡಿದರೂ ಗ್ಲೂಕೋಮೀಟರ್ 280 ತೋರಿಸಬಹುದು. ಆಗ ನಾವು ಕೇಳುವ ಮೊದಲ ಪ್ರಶ್ನೆ, "ಏನು ತಿಂದೆ?" ಆ ಅಂಕಿಯನ್ನು ಶಾಲೆಯ ಮಾರ್ಕ್ಸ್ ತರಹ ಓದುತ್ತೇವೆ. ಒಂದು ದಿನ ಅವಳು ನನಗೆ ಹೇಳಿದಳು, "ಚಿಕ್ಕಮ್ಮ, ಎಲ್ಲರೂ ಮೊದಲು ಮೀಟರ್ ನೋಡ್ತಾರೆ, ಆಮೇಲೆ ನನ್ನ ಮುಖ ನೋಡ್ತಾರೆ." ಅವತ್ತಿನಿಂದ ನಾನು ಅಂಕಿ ಕೇಳುವುದನ್ನು ಬಿಟ್ಟೆ. ಬೈಗುಳಕ್ಕೆ ಹೆದರಿ ಮಕ್ಕಳು ಡೈರಿಯಲ್ಲಿ ಸುಳ್ಳು ಅಂಕಿ ಬರೆಯುತ್ತಾರೆ. ಆ ಸುಳ್ಳು ಅಂಕಿ ನೋಡಿ ಡಾಕ್ಟರು ಡೋಸ್ ನಿರ್ಧಾರ ಮಾಡಿದರೆ ಎಷ್ಟು ಅಪಾಯ!

ಲೋ ಆದಾಗಿನ, ಅಂದರೆ ಶುಗರ್ ತೀರಾ ಇಳಿದಾಗಿನ ಕಥೆ ಬೇರೆ. ಮಿದುಳಿನ ತೂಕ ದೇಹದ ನೂರರಲ್ಲಿ ಎರಡು ಪಾಲು, ಆದರೆ ಸುಮ್ನೆ ಕೂತಾಗಲೂ ಅದು ಖರ್ಚು ಮಾಡುವ ಶಕ್ತಿ ನೂರರಲ್ಲಿ ಸುಮಾರು ಇಪ್ಪತ್ತು ಪಾಲು. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಸಕ್ಕರೆ. 70ಕ್ಕಿಂತ ಕೆಳಗೆ ಇಳಿದರೆ ದೇಹ ಅಪಾಯದ ಗಂಟೆ ಬಾರಿಸುತ್ತದೆ. ಬೆವರು, ನಡುಕ, ಎದೆ ಬಡಿತ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಕಾರಣ ಇಲ್ಲದೆ ಸಿಟ್ಟು ಬರುತ್ತದೆ, ಅಳು ಬರುತ್ತದೆ. ಹದಿನಾಲ್ಕರ ಹುಡುಗಿ ಸಿಡುಕಿದರೆ ಯಾರು ತಾನೇ ಶುಗರ್ ನೋಡುತ್ತಾರೆ? ಸೊಕ್ಕು ಅನ್ನುತ್ತಾರೆ.

ಆಗ ಮಾಡಬೇಕಾದದ್ದು ಕಷ್ಟದ್ದಲ್ಲ. 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಇನ್ನೂ ಏರಿಲ್ಲದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಉಸಿರಿಗೆ ಸಿಕ್ಕಿಬಿಡುತ್ತದೆ. ಒಂದು ಪಕ್ಕಕ್ಕೆ ಮಲಗಿಸಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಷ್ಟೆಲ್ಲ ಇದ್ದೂ ಈ ಮಕ್ಕಳು ನೋಡಲು ಆರೋಗ್ಯವಾಗಿಯೇ ಇರುತ್ತಾರೆ. ಅದೇ ತೊಂದರೆ. ಕೈಗೆ ಪ್ಲಾಸ್ಟರ್ ಹಾಕಿದ ಮಗುವಿಗೆ ಬಸ್ಸಿನಲ್ಲಿ ಸೀಟು ಸಿಗುತ್ತದೆ. ಇವರು ಲೋ ಆಗಿ ಕೂತುಬಿಟ್ಟರೆ ನಾಟಕ ಅನ್ನುತ್ತಾರೆ. ಹೇಳಿಕೊಳ್ಳೋಣ ಅಂದರೆ ಮನೆಯವರೇ ಬಾಯಿ ಮುಚ್ಚಿಸುತ್ತಾರೆ, "ನಾಲ್ಕು ಜನಕ್ಕೆ ಗೊತ್ತಾದರೆ ನಾಳೆ ಮದುವೆಗೆ ಕಷ್ಟ." ಹಾಗಾಗಿ ಎಷ್ಟೋ ಹುಡುಗಿಯರು ಶಾಲೆಯ ಟಾಯ್ಲೆಟ್ಟಿನಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಗೆಳತಿಯರು ಜೊತೆಗಿದ್ದರೆ ಮಧ್ಯಾಹ್ನದ ಡೋಸ್ ಬಿಟ್ಟೇಬಿಡುವುದೂ ಉಂಟು.

ಮುಚ್ಚಿಡುವುದು ನಮ್ಮೂರಿನವರು ಮಾತ್ರ ಮಾಡಿದ್ದಲ್ಲ. 1922ರ ಆಗಸ್ಟಿನಲ್ಲಿ ಎಲಿಜಬೆತ್ ಹ್ಯೂಸ್ ಎಂಬ ಅಮೆರಿಕದ ಹುಡುಗಿ ಟೊರಾಂಟೊಗೆ ಬಂದಳು. ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಆಗ ಆ ದೇಶದ ವಿದೇಶಾಂಗ ಸಚಿವರು. ಮೂರು ವರ್ಷದ ಅರೆಹೊಟ್ಟೆಯ ಚಿಕಿತ್ಸೆಯಲ್ಲಿ ಸೊರಗಿ ಅವಳ ತೂಕ ಸುಮಾರು 20 ಕಿಲೋಗೆ ಇಳಿದಿತ್ತು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಡಾಕ್ಟರ್ ಫ್ರೆಡರಿಕ್ ಬ್ಯಾಂಟಿಂಗ್ ಕೊಟ್ಟ ಇನ್ಸುಲಿನ್‌ನಿಂದ ಅವಳು ಉಳಿದಳು, ಓದಿದಳು, ಮದುವೆಯಾದಳು, ಮಕ್ಕಳನ್ನು ಪಡೆದಳು. 1981ರಲ್ಲಿ ತೀರಿಕೊಂಡಾಗ ವಯಸ್ಸು 73. ಅಷ್ಟರಲ್ಲಿ 40 ಸಾವಿರಕ್ಕೂ ಹೆಚ್ಚು ಸಲ ಇನ್ಸುಲಿನ್ ಚುಚ್ಚಿಕೊಂಡಿದ್ದಳು. ಆದರೆ ತನಗೆ ಈ ಕಾಯಿಲೆ ಇದೆ ಎಂಬುದನ್ನು ಬದುಕಿನುದ್ದಕ್ಕೂ ಬಚ್ಚಿಟ್ಟಳು. ಅಂಥ ಮನೆತನದವಳಿಗೇ ಹೇಳಲು ಧೈರ್ಯ ಬರಲಿಲ್ಲ ಅಂದರೆ ಒಂಬತ್ತನೇ ಕ್ಲಾಸಿನ ನಮ್ಮ ಹುಡುಗಿಯ ಪಾಡೇನು ಅಂತ ಯೋಚನೆಯಾಗುತ್ತದೆ.

ಜಗತ್ತಿನಲ್ಲಿ ಟೈಪ್ 1 ಇರುವ ಮಕ್ಕಳು ಅತಿ ಹೆಚ್ಚಾಗಿರುವ ದೇಶಗಳಲ್ಲಿ ಭಾರತವೂ ಒಂದು. ಆದರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ. ಹೀಮೋಫಿಲಿಯಾ, ಥಲಸ್ಸೇಮಿಯಾ ಇವೆ, ಸಂತೋಷ. ಟೈಪ್ 1 ಕೂಡ ಸೇರಬೇಕು ಅಂತ ನನ್ನ ಅನಿಸಿಕೆ. 2017ರಲ್ಲಿ ಸಿಬಿಎಸ್‌ಇ ಈ ಮಕ್ಕಳು ಬೋರ್ಡ್ ಪರೀಕ್ಷೆಯ ಹಾಲ್‌ಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ ಒಯ್ಯಬಹುದು ಅಂತ ಹೇಳಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರಾಜ್ಯಗಳಿಗೂ ಬರೆದು, ಕ್ಲಾಸಿನಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಬಿಡಬೇಕು ಅಂದಿತು. ಕಾಗದ ಇದೆ. ಅದು ಪ್ರತಿ ಕ್ಲಾಸ್ ಟೀಚರ್ ಕೈಗೆ ತಲುಪಬೇಕು. ನೀವು ಟೀಚರ್ ಆಗಿದ್ದರೆ ಇನ್ನೊಂದು ಮಾತು. ಮಗು ಪದೇ ಪದೇ ನೀರು ಕುಡಿಯುತ್ತಿದ್ದರೆ, ಮೂತ್ರಕ್ಕೆ ಹೋಗುತ್ತಿದ್ದರೆ, ಚೆನ್ನಾಗಿ ತಿಂದೂ ತೆಳ್ಳಗಾಗುತ್ತಿದ್ದರೆ ಅವತ್ತೇ ಶುಗರ್ ಟೆಸ್ಟ್ ಮಾಡಿಸಲು ಮನೆಯವರಿಗೆ ಹೇಳಿ. ನಾವು ಬೆಳೆಯೋ ವಯಸ್ಸು ಅಂದುಕೊಂಡು ಮೂರು ವಾರ ಕಳೆದೆವು. ಆಸ್ಪತ್ರೆಗೆ ಒಯ್ಯುವಾಗ ಅವಳು ಏದುಸಿರು ಬಿಡುತ್ತಿದ್ದಳು.

ಶಾಲೆಯಲ್ಲಿ ಅವಳು ವಿಷಯ ಹೇಳಿದ್ದು ಒಬ್ಬಳಿಗೆ ಮಾತ್ರ, ಬೆಂಚಿನಲ್ಲಿ ಪಕ್ಕ ಕೂರುವ ಗೆಳತಿಗೆ. ಆ ಹುಡುಗಿ ಕಂಪಾಸ್ ಬಾಕ್ಸಿನಲ್ಲಿ ಗ್ಲೂಕೋಸ್ ಪುಡಿಯ ಸಣ್ಣ ಪೊಟ್ಟಣ ಇಟ್ಟುಕೊಂಡಿದ್ದಾಳೆ. ಅಕ್ಕನ ಮಗಳಿಗೆ ಲೋ ಆದಾಗ ಬರೆಯುವ ಅಕ್ಷರ ಗೆರೆ ಬಿಟ್ಟು ಕೆಳಗೆ ಇಳಿಯುತ್ತದಂತೆ. ಅದು ಅವಳಿಗಿಂತ ಮೊದಲು ಗೆಳತಿಗೆ ಗೊತ್ತಾಗುತ್ತದೆ. ಏನೂ ಕೇಳುವುದಿಲ್ಲ, ಪೊಟ್ಟಣವನ್ನು ನೋಟ್‌ಬುಕ್ ಮೇಲೆ ಇಡುತ್ತಾಳೆ.